ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ದಯವಿಟ್ಟು ಹೊಗಳಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಫೋಟೋ ಬಂದಿತ್ತು. ಊರ ಜಾತ್ರೆಯ ಕಬಡ್ಡಿ. ಹುಡುಗನೊಬ್ಬ ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಕಪ್ ಹಿಡಿದಿದ್ದಾನೆ, ಪಕ್ಕದಲ್ಲಿ ಹಿರಿಯರು ಶಾಲು ಹೊದ್ದು ನಿಂತಿದ್ದಾರೆ. ಕೆಳಗೆ ನೀವು ಬರೆದಿದ್ದು, ತಲೆಗೆ ಪೆಟ್ಟಾದರೂ ಅಂಗಳ ಬಿಡದ ಛಲಗಾರ ಅಂತ. ನಮ್ಮ ಮನೆಯಲ್ಲಿ ಅದನ್ನು ಮೊದಲು ನೋಡಿದ್ದು ನನ್ನ ಹೆಂಡತಿ. ಏನೂ ಮಾತಾಡಲಿಲ್ಲ. ಪೇಪರ್ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಯಾಕಂದ್ರೆ ಅಂಥದ್ದೇ ಒಂದು ಫೋಟೋ ನನ್ನ ಮೊಬೈಲಿನಲ್ಲೂ ಇದೆ. ಅದರಲ್ಲಿರುವುದು ನಮ್ಮ ಮಗ, ತೆಗೆದವನು ನಾನು, ಅವತ್ತು ರಾತ್ರಿಯೇ ಅದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ಬೆಳಗಾಗುವುದರೊಳಗೆ ಎಷ್ಟು ಜನ ನೋಡಿದರು ಅಂತ ಎಣಿಸಿದವನೂ ನಾನೇ.

ಆ ಹುಡುಗ ಚೆನ್ನಾಗಿರಲಿ. ಅವನ ಮೇಲೆ ನನಗೇನೂ ಇಲ್ಲ, ನಿಮ್ಮ ವರದಿಗಾರರ ಮೇಲೂ ಸಿಟ್ಟಿಲ್ಲ. ಆದರೆ ನಮ್ಮ ಮನೆಯಲ್ಲಿ ಆಗಿದ್ದನ್ನು ಬರೆಯದೆ ಇರೋಕೆ ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತೆ. ಕತ್ತರಿ ಹಾಕುವುದಿದ್ದರೆ ನನ್ನ ಹಳೇ ಆಟದ ಪುರಾಣಕ್ಕೆ ಹಾಕಿ, ಕಾಯಿಲೆಯ ಭಾಗಕ್ಕೆ ಬೇಡ.

ನಾನು ಸಿಂಧನೂರು ತಾಲ್ಲೂಕಿನವನು. ನಾಲ್ಕೆಕರೆ ಭತ್ತದ ಗದ್ದೆ, ಊರಲ್ಲಿ ಒಂದು ಗೊಬ್ಬರದ ಅಂಗಡಿ. ವಯಸ್ಸಿನಲ್ಲಿ ನಾನೂ ಕಬಡ್ಡಿ ಆಡಿದ್ದೇನೆ, ಮಣ್ಣಿನ ಅಂಗಳದಲ್ಲಿ, ಒಂದು ಬೆರಳು ಇವತ್ತಿಗೂ ಪೂರ್ತಿ ಮಡಚಲ್ಲ, ಮುಂದಿನ ಒಂದು ಹಲ್ಲು ಹೋದದ್ದೂ ಅಲ್ಲೇ. ಹಾಗಾಗಿ ಪೆಟ್ಟು ಅಂದ್ರೆ ನನಗೆ ಹೆಮ್ಮೆ. ಈಗ ಜಾತ್ರೆ ಬಂದರೆ ಪಂದ್ಯದ ಕಮಿಟಿಯಲ್ಲಿ ನನ್ನ ಹೆಸರು ಇದ್ದೇ ಇರುತ್ತೆ. ಟಿವಿಯಲ್ಲಿ 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಮ್ಮ ಕಡೆಯ ಹುಡುಗರ ಆಟವೇ ಬದಲಾಗಿದೆ. ಎಲ್ಲರಿಗೂ ಡುಬ್ಕಿ ಹೊಡೆಯುವ ಆಸೆ. ಎದುರಿನವರು ಕೈ ಕೈ ಹಿಡಿದು ಚೈನ್ ಹಾಕಿದಾಗ ತಲೆ ಬಗ್ಗಿಸಿ ಅದರ ಅಡಿಯಿಂದ ನುಸುಳಿ ಬರುವುದು. ನೋಡೋಕೆ ಚಂದ. ಆದರೆ ಆಗ ರೈಡರ್‌ನ ತಲೆ ಎಲ್ಲಿರುತ್ತೆ ನೋಡಿದ್ದೀರಾ? ಸರಿಯಾಗಿ ಎದುರಿನವನ ಮೊಣಕಾಲಿನ ಎತ್ತರಕ್ಕೆ. ಟಿವಿಯಲ್ಲಿ ಆಡುವವರಿಗೆ ಕೆಳಗೆ ಮ್ಯಾಟ್ ಇದೆ, ಪಕ್ಕದಲ್ಲಿ ಡಾಕ್ಟರ್ ಇದ್ದಾರೆ. ನಮ್ಮಲ್ಲಿ ಹ್ಯಾಲೋಜನ್ ಲೈಟ್ ಇದೆ, ಮೈಕಿನಲ್ಲಿ ಕೂಗುವವನಿದ್ದಾನೆ.

ಹೋದ ವರ್ಷದ ಜಾತ್ರೆ. ಮಗನಿಗೆ ಆಗ 20. ಸೆಮಿಫೈನಲ್ ಶುರುವಾದಾಗಲೇ ರಾತ್ರಿ 11 ದಾಟಿತ್ತು. ಎರಡನೇ ಅರ್ಧದಲ್ಲಿ ಅವನು ಡುಬ್ಕಿಗೆ ಹೋದ, ಎದುರಿನ ಹುಡುಗನ ಮೊಣಕಾಲು ಎಡಗಿವಿಯ ಮೇಲೆ ಬಡಿಯಿತು. ಬೇಕಂತ ಹೊಡೆದದ್ದಲ್ಲ, ಆಟದಲ್ಲಿ ಆಗಿದ್ದು. ಇವನು ಹಿಂದಕ್ಕೆ ಕುಂಡಿ ಊರಿ ಕೂತ ಹಾಗೆ ಬಿದ್ದ. ಅರ್ಧ ನಿಮಿಷ ಕಣ್ಣು ಬಿಟ್ಟುಕೊಂಡೇ ಇದ್ದ, ಆದರೆ ಏನೂ ನೋಡುತ್ತಿರಲಿಲ್ಲ. ನಾನೇ ಓಡಿ ಹೋಗಿ ಮುಖಕ್ಕೆ ನೀರು ಹೊಡೆದು, ಭುಜ ಹಿಡಿದು ಎಬ್ಬಿಸಿದೆ. "ಏನ್ ಆಗಿಲ್ಲ ಏಳೋ, ಗಂಡಸದೀ" ಅಂದೆ. ಈ ಮಾತು ನನ್ನ ಬಾಯಿಂದಲೇ ಬಂದದ್ದು. ಎದ್ದ. ಸ್ಕೋರ್ ಎಷ್ಟಾಯ್ತು ಅಂತ ಕೇಳಿದ, ಹೇಳಿದೆ. ಮತ್ತೆ ಕೇಳಿದ. ಮತ್ತೆ ಹೇಳಿದೆ. ಮೂರನೇ ಸಲ ಕೇಳಿದಾಗ ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಐದು ನಿಮಿಷಕ್ಕೆ ಮತ್ತೆ ಅಂಗಳಕ್ಕಿಳಿದು ಎರಡು ಪಾಯಿಂಟ್ ತಂದ. ಮೈಕಿನಲ್ಲಿ ಏನೇನು ಹೊಗಳಿದರೋ, ಪೂರ್ತಿ ಊರು ಸಿಳ್ಳೆ ಹಾಕಿತು. ಬಟ್ಟೆ ಕಟ್ಟಿದ್ದು ಆಮೇಲೆ, ಕಿವಿಯ ಹತ್ತಿರ ಸ್ವಲ್ಪ ತರಚಿತ್ತಲ್ಲ, ಅದಕ್ಕೆ. ಹೊರಗೆ ಬಂದ ರಕ್ತ ಒಂದು ಚಮಚದಷ್ಟೂ ಇರಲಿಲ್ಲ.

ಮನೆಗೆ ಬಂದು ಉಂಡ. ಒಂದು ಸಲ ವಾಂತಿ ಮಾಡಿದ. ಜಾತ್ರೆ ಊಟ, ಅದರ ಮೇಲೆ ಓಡಾಟ ಅಂತ ಸುಮ್ನಾದೆವು. ಮರುದಿನ ತಲೆ ನೋವು ಅಂದ, ಒಂದು ಪ್ಯಾರಾಸಿಟಮಾಲ್ ಕೊಟ್ಟೆವು. ಅದರ ಮಾರನೇ ದಿನ ಬೈಕ್ ಹತ್ತಿ ಕಾಲೇಜಿಗೂ ಹೋಗಿ ಬಂದ. ಮುಗಿಯಿತು ಅಂದುಕೊಂಡೆವು.

ಮೂರನೇ ದಿನ ಬೆಳಗ್ಗೆ ಎದ್ದವನು ಸೊಂಟ ಹಿಡಿದುಕೊಂಡ. ಬೂಟಿನ ದಾರ ಕಟ್ಟೋಕೆ ಬಗ್ಗಲು ಆಗಲಿಲ್ಲ. ನೋವು ಸೊಂಟದಿಂದ ಎರಡೂ ತೊಡೆಯ ಹಿಂಭಾಗಕ್ಕೆ ಇಳಿಯುತ್ತೆ, ಕರೆಂಟ್ ಹೊಡೆದ ಹಾಗೆ ಆಗುತ್ತೆ ಅಂದ. ಕುತ್ತಿಗೆಯೂ ಬಿಗಿದಿತ್ತು, ಗದ್ದ ಎದೆಗೆ ತಾಗಿಸು ಅಂದರೆ ಆಗುತ್ತಿರಲಿಲ್ಲ. ನಮ್ಮ ಊರಿನಲ್ಲಿ ಇದಕ್ಕೆ ಒಂದೇ ಹೆಸರು: ಉಳುಕು. ಮೊದಲು ಹರಳೆಣ್ಣೆ ತಿಕ್ಕಿದೆವು. ಆಮೇಲೆ ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಶಾಖ ಕೊಟ್ಟೆವು. ಸಂಜೆ ಪಕ್ಕದ ಊರಿಗೆ ಕರೆದುಕೊಂಡು ಹೋದೆ. ಅಲ್ಲಿ ಕಾಲು ಮುಂದಾಗಿ ಹುಟ್ಟಿದ ಒಬ್ಬರಿದ್ದಾರೆ, ಅವರು ಸೊಂಟಕ್ಕೆ ಕಾಲು ತಾಗಿಸಿ ಒತ್ತಿದರೆ ಉಳುಕು ಬಿಡುತ್ತೆ ಅಂತ ನಂಬಿಕೆ. ನನ್ನ ಉಳುಕು ಎಷ್ಟೋ ಸಲ ಬಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಪಾಪ, ಅವರು ಹಣವನ್ನೂ ಮುಟ್ಟಲ್ಲ. ಒತ್ತಿದರು. ಹುಡುಗ ಕಿರುಚಿದ.

ನಾಲ್ಕನೇ ದಿನ ಪಟ್ಟಣದ ಒಂದು ಕ್ಲಿನಿಕ್ಕಿಗೆ ಹೋದೆವು. ಸೊಂಟ ನೋವು ಅಂದೆವು, ನೋವಿನ ಇಂಜೆಕ್ಷನ್ ಕೊಟ್ಟರು, ಗುಳಿಗೆ ಬರೆದರು. ತಲೆಗೆ ಪೆಟ್ಟು ಬಿದ್ದಿತ್ತಾ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕು ಅಂತಲೇ ಹೊಳೆಯಲಿಲ್ಲ, ಸೊಂಟಕ್ಕೂ ತಲೆಗೂ ಏನು ಸಂಬಂಧ ಅಲ್ವಾ?

ಐದನೇ ದಿನ ರಾತ್ರಿ ತಲೆ ಸಿಡಿಯುತ್ತೆ ಅಂತ ಒದ್ದಾಡಿದ, ಎರಡು ಸಲ ವಾಂತಿ ಆಯಿತು. ನಾನು ಅಸಿಡಿಟಿ ಮಾತ್ರೆ ಹುಡುಕುತ್ತಿದ್ದೆ. ಆಗ ನನ್ನ ಹೆಂಡತಿ ಹೇಳಿದ್ದು, "ಕರೆದ್ರ ಓ ಅನ್ನಾಕ ಇಷ್ಟ್ ಹೊತ್ತ್ ತಗೊಳ್ಳಾಕತ್ತಾನ, ನೀವು ಕಾರು ತರಸ್ತೀರೋ, ನಾನೇ ಹೊತ್ತಗೊಂಡು ಹೋಗ್ಲೋ?" ಅವಳು ಓದಿದ್ದು ಏಳನೇ ಕ್ಲಾಸು. ಅವತ್ತು ಮನೆಯಲ್ಲಿ ಸರಿಯಾಗಿ ನೋಡಿದ್ದು ಅವಳೊಬ್ಬಳೇ.

ಸಿಂಧನೂರಿನಿಂದ ರಾಯಚೂರಿಗೂ ಬಳ್ಳಾರಿಗೂ ಹೆಚ್ಚು ಕಡಿಮೆ ಒಂದೇ ದೂರ. ಬಳ್ಳಾರಿಯಲ್ಲಿ ಪರಿಚಯದವರಿದ್ದರು ಅಂತ ಆ ಕಡೆ ಹೊರಟೆವು. ಧಡೇಸೂಗೂರು ಸೇತುವೆ ದಾಟುವಾಗ ಅವನು ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿದ್ದ, ಪ್ರತಿ ಗುಂಡಿಗೂ ನರಳುತ್ತಿದ್ದ. ನಿದ್ದೆ ಮಾಡಬೇಡ, ನಿದ್ದೆ ಮಾಡಬೇಡ ಅಂತ ನಾನು ದಾರಿಯುದ್ದಕ್ಕೂ ಅವನನ್ನು ಬೈಯುತ್ತಾ ಬಂದೆ.

ಆಸ್ಪತ್ರೆಯಲ್ಲಿ ಮೊದಲು ತಲೆಯ ಸಿಟಿ ಸ್ಕ್ಯಾನ್. ಅದಕ್ಕೆ ಹಿಡಿದದ್ದು ಕೆಲವೇ ನಿಮಿಷ. ಕಂಪ್ಯೂಟರ್ ಮೇಲೆ ಡಾಕ್ಟರ್ ತೋರಿಸಿದರು. ತಲೆಬುರುಡೆಯ ಎಡಗಡೆ ಒಳಗೋಡೆಗೆ ಅಂಟಿದ ಹಾಗೆ ಒಂದು ಬಿಳಿ ಗೆರೆ, ಥೇಟ್ ನಮ್ಮ ಕುಡುಗೋಲಿನ ಆಕಾರ. ಅದು ರಕ್ತ. ಸಬ್‌ಡ್ಯೂರಲ್ ಹೆಮಟೋಮ ಅಂತಾರೆ. ಗೆರೆ ತೆಳ್ಳಗಿದೆ, ಮೆದುಳನ್ನು ಪಕ್ಕಕ್ಕೆ ತಳ್ಳಿಲ್ಲ, ಈಗಲೇ ಆಪರೇಷನ್ ಬೇಡ, ಆದರೆ ಐಸಿಯುನಲ್ಲಿ ಇಟ್ಟು ಕಾಯಬೇಕು ಅಂದರು. ಅಲ್ಲಿಗೆ ನನ್ನ ಕಾಲು ನಡುಗುತ್ತಿತ್ತು. ಆಗ ಅಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್, ಹುಡುಗಿ, ಅವನ ಕಾಲನ್ನು ನೇರ ಮಾಡಿ ಮೇಲೆ ಎತ್ತಿ ನೋಡಿದಳು. ಅವನು ಸೊಂಟ ಹಿಡಿದುಕೊಂಡು ಕೂಗಿದ. ಈ ನೋವು ಯಾವಾಗಿನಿಂದ ಅಂತ ಕೇಳಿದಳು. ಮೂತ್ರ ಸರಿಯಾಗಿ ಹೋಗುತ್ತಾ, ಕೂರುವ ಜಾಗದಲ್ಲಿ ಮರಗಟ್ಟಿದ ಹಾಗಿದೆಯಾ, ಹೆಬ್ಬೆರಳು ಎತ್ತು, ಪಾದ ಒತ್ತು, ಹೀಗೆ ಒಂದೊಂದೇ ನೋಡಿದಳು. ಆಮೇಲೆ ಬೆನ್ನಿನ ಎಂಆರ್‌ಐ ಆಯಿತು. ಸೊಂಟದ ಕೆಳಗೆ, ಬೆನ್ನುಮೂಳೆಯ ಕೊಳವೆಯೊಳಗೆ, ಅಲ್ಲೂ ರಕ್ತ ನಿಂತಿತ್ತು.

ಬೆನ್ನಿಗೆ ಪೆಟ್ಟೇ ಬಿದ್ದಿಲ್ಲವಲ್ಲ ಅಂದೆ. ಅದಕ್ಕೆ ಆ ಡಾಕ್ಟರ್ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮೆದುಳಿನ ಮೇಲೆ ಮೂರು ಪೊರೆಗಳಿವೆ. ಹೊರಗಿನದು ದಪ್ಪ, ಡ್ಯೂರಾ. ನಡುವಿನದು ಜೇಡರ ಬಲೆಯ ಹಾಗೆ ತೆಳ್ಳಗೆ, ಅರಕ್ನಾಯ್ಡ್. ಒಳಗಿನ ಪಿಯಾ ಮೆದುಳಿಗೇ ಅಂಟಿಕೊಂಡಿರುತ್ತೆ. ಈ ಪೊರೆಗಳ ಚೀಲ ಕುತ್ತಿಗೆಗೆ ಮುಗಿಯಲ್ಲ, ಬೆನ್ನುಹುರಿಯನ್ನು ಸುತ್ತಿಕೊಂಡು ಸೊಂಟದ ಕೆಳಗಿನವರೆಗೂ ಹೋಗುತ್ತೆ. ಬೆನ್ನುಹುರಿ ಸೊಂಟದ ಮೇಲ್ಭಾಗಕ್ಕೇ ನಿಲ್ಲುತ್ತೆ, ಚೀಲ ಮಾತ್ರ ಇನ್ನೂ ಕೆಳಗಿಳಿಯುತ್ತೆ, ಅದರಲ್ಲಿ ಕಾಲಿಗೆ, ಮೂತ್ರಕ್ಕೆ ಹೋಗುವ ನರಗಳು ಕುದುರೆ ಬಾಲದ ಹಾಗೆ ಜೋತಿರುತ್ತವೆ. ತಲೆಯಲ್ಲಿ ಒಡೆದ ರಕ್ತ, ಮನುಷ್ಯ ಎದ್ದು ಕೂತು, ನಡೆದು, ಬೈಕ್ ಓಡಿಸುತ್ತಾ ಇದ್ದರೆ ಇಳಿಜಾರಿಗೆ ಹರಿದು ಆ ಚೀಲದ ತಳಕ್ಕೆ ಬಂದು ನಿಲ್ಲಬಹುದು, ಇವನಿಗೆ ಹಾಗೇ ಆಗಿರೋ ಥರ ಕಾಣುತ್ತೆ ಅಂದಳು. ಅಲ್ಲಿರುವ ನರಗಳನ್ನು ಅದು ಕೆರಳಿಸುತ್ತೆ. ನಾವು ಉಳುಕು ಅಂದದ್ದು ಅದನ್ನು.

ನೋಡಿ ಸಾರ್, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆ ಭಾಗಕ್ಕೆ ಬರಲಿ ಅಂತ ನಾವು ವರ್ಷ ವರ್ಷ ರಸ್ತೆ ತಡೆ ಮಾಡುತ್ತೇವೆ, ಆದರೂ ಬರಲ್ಲ. ಮಗನ ತಲೆಯ ರಕ್ತ ಮಾತ್ರ ಯಾರೂ ಕೇಳದೆ ಕೊನೆ ಭಾಗಕ್ಕೆ ಬಂದು ನಿಂತಿತ್ತು. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಈ ಮಾತು ತಲೆಗೆ ಬಂದು ನಗುವೂ ಬಂತು, ಅಳುವೂ ಬಂತು.

ಒಟ್ಟು ಒಂಬತ್ತು ದಿನ ಇದ್ದೆವು. ಪುಣ್ಯಕ್ಕೆ ಕಾಲಿನ ಬಲ ಹೋಗಿರಲಿಲ್ಲ, ಮೂತ್ರ ನಿಂತಿರಲಿಲ್ಲ. ಅದಾಗಿದ್ದರೆ ಕತೆಯೇ ಬೇರೆ ಇರುತ್ತಿತ್ತು. ಬೆನ್ನಿನೊಳಗಿನ ರಕ್ತ ನರಗಳನ್ನು ಒತ್ತಿ ಕಾಲು ಸೋಲೋಕೆ ಶುರುವಾದರೆ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಮಾಡಬೇಕಾಗುತ್ತೆ, ತಡವಾದಷ್ಟೂ ಕಾಲು ವಾಪಸ್ ಬರುವುದು ಕಷ್ಟ ಅಂತ ಹೇಳಿದರು. ಕ್ಲಿನಿಕ್ಕಿನಲ್ಲಿ ಕೊಟ್ಟ ನೋವಿನ ಇಂಜೆಕ್ಷನ್ ವಿಷಯ ಕೇಳಿ ಅವರ ಮುಖ ಸಣ್ಣಗಾಯಿತು. ಆ ಜಾತಿಯ ಕೆಲವು ನೋವಿನ ಔಷಧಿಗಳು, ಆಸ್ಪಿರಿನ್ ಕೂಡ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಒಳಗೆ ರಕ್ತ ಸೋರುತ್ತಿರುವಾಗ ಅದು ಬೇಡವಾದ ಸಹಾಯ. ಬೆನ್ನು ಒತ್ತಿಸಿದ್ದನ್ನು ಹೇಳೋಕೆ ನನಗೆ ಬಾಯಿಯೇ ಬರಲಿಲ್ಲ, ಹೆಂಡತಿ ಹೇಳಿದಳು. ಕಾರಿನಲ್ಲಿ ನಿದ್ದೆ ಮಾಡಬೇಡ ಅಂತ ಬೈದದ್ದನ್ನೂ ಹೇಳಿದೆವು. ನಿದ್ದೆ ತಪ್ಪಲ್ಲ, ಮಲಗಿದವನನ್ನು ಕರೆದಾಗ ಸರಿಯಾಗಿ ಎದ್ದು ಸರಿಯಾದ ಮಾತಾಡುತ್ತಾನಾ ಅಂತ ನೋಡಬೇಕಿತ್ತು ಅಂದರು. ಅಂದ್ರೆ ಮೊದಲ ರಾತ್ರಿ ಬೇಕಾಗಿದ್ದ ಕೆಲಸವನ್ನು ಐದನೇ ರಾತ್ರಿ ತಪ್ಪು ತಪ್ಪಾಗಿ ಮಾಡಿದ್ದೆ.

ಆರು ವಾರದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ತಲೆಯದೂ ಬೆನ್ನಿನದೂ ರಕ್ತ ಕರಗಿ ಹೋಗಿತ್ತು. ದೇಹವೇ ಹೀರಿಕೊಂಡಿತ್ತು. ಎಲ್ಲರಿಗೂ ಹೀಗೆ ಆಗಲ್ಲ.

ಆ ಒಂಬತ್ತು ದಿನ ನನಗೆ ಬೇರೆ ಕೆಲಸ ಇರಲಿಲ್ಲ. ಕೇಳಿದೆ, ಓದಿದೆ. ನನ್ನ ತಲೆಯಲ್ಲಿ ಕೂತಿದ್ದ ದೊಡ್ಡ ತಪ್ಪು ಒಂದೇ. ಎದ್ದು ಓಡಾಡಿದ ಅಂದ್ರೆ ಏನೂ ಆಗಿಲ್ಲ ಅನ್ನೋದು. ಮೆದುಳಿನ ಸುತ್ತ ಆಗುವ ರಕ್ತಸ್ರಾವಕ್ಕೆ ಅದರದೇ ವೇಳೆ ಇದೆ. ಕಣತಲೆಯ ಹತ್ತಿರ ಮೂಳೆ ತೆಳ್ಳಗೆ, ಅದರ ಒಳಮೈಗೆ ಅಂಟಿಕೊಂಡೇ ಒಂದು ಅಪಧಮನಿ, ಅಂದ್ರೆ ಹೃದಯದಿಂದ ರಕ್ತ ತರುವ ನಾಳ, ಹೋಗುತ್ತೆ. ಮೂಳೆ ಬಿರಿದು ಅದು ಹರಿದರೆ ರಕ್ತ ಜೋರಾಗಿ ಬುರುಡೆಗೂ ಡ್ಯೂರಾಕ್ಕೂ ನಡುವೆ ತುಂಬುತ್ತೆ. ಇದರಲ್ಲಿ ಮೋಸದ ವಿಷಯ ಏನಂದ್ರೆ, ಪೆಟ್ಟು ಬಿದ್ದಾಗ ಎಚ್ಚರ ತಪ್ಪಿದವನು ಎದ್ದು ಚೆನ್ನಾಗಿಯೇ ಮಾತಾಡಬಹುದು, ನಗಬಹುದು, ಚಹಾ ಕುಡಿಯಬಹುದು. ಕೆಲವು ಗಂಟೆ ಆದ ಮೇಲೆ ಒಮ್ಮೆಲೇ ಕುಸಿಯುತ್ತಾನೆ. 2009ರಲ್ಲಿ ನತಾಶಾ ರಿಚರ್ಡ್‌ಸನ್ ಅಂತ ಒಬ್ಬ ಹೆಸರಾಂತ ನಟಿ ಕೆನಡಾದಲ್ಲಿ ಹಿಮದ ಮೇಲೆ ಸ್ಕೀ ಕಲಿಯುವಾಗ ಬಿದ್ದು, ನನಗೇನೂ ಆಗಿಲ್ಲ ಅಂತ ಬಂದ ಸಹಾಯವನ್ನೂ ವಾಪಸ್ ಕಳಿಸಿದ್ದರು. ಎರಡು ದಿನದಲ್ಲಿ ತೀರಿಕೊಂಡರು, ವಯಸ್ಸು 45. ಡ್ಯೂರಾದ ಕೆಳಗಿನ ರಕ್ತ ಬರುವುದು ಸಣ್ಣ ಸಣ್ಣ ಅಭಿಧಮನಿಗಳಿಂದ, ಅಂದ್ರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಗಳಿಂದ. ತಲೆ ಜೋರಾಗಿ ಅಲುಗಿದಾಗ ಅವು ಹರಿಯುತ್ತವೆ. ಅದು ಗಂಟೆಗಳಲ್ಲೂ ಆಗಬಹುದು, ವಾರಗಟ್ಟಲೆ ಸೋರಬಹುದು. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು ತಿಂಗಳಾದ ಮೇಲೆ ನಡಿಗೆ ತಪ್ಪುವುದು, ಮರೆವು ಜಾಸ್ತಿ ಆಗುವುದು, ಅದನ್ನು ನಾವು ಅರಳುಮರಳು ಅನ್ನುವುದು, ಇದೂ ಅದೇ ಆಗಿರಬಹುದಂತೆ. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಇದರ ಭಯ ಇನ್ನೂ ಜಾಸ್ತಿ.

ಕ್ರಿಕೆಟ್ ನೋಡುವವರಿಗೆ ಇದು ಹೊಸದೇನೂ ಆಗಬಾರದಿತ್ತು. 1962ರಲ್ಲಿ ನಮ್ಮ ಕ್ಯಾಪ್ಟನ್ ನಾರಿ ಕಂಟ್ರಾಕ್ಟರ್‌ಗೆ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಚೆಂಡು ಬಡಿದು ತಲೆಬುರುಡೆ ಒಡೆಯಿತು. ತುರ್ತು ಆಪರೇಷನ್ ಮಾಡಿ ಉಳಿಸಿದರು, ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ಕ್ಯಾಪ್ಟನ್ ಫ್ರಾಂಕ್ ವೊರೆಲ್ ಕೂಡ ಇದ್ದರು. ಆಮೇಲೆ ಕಂಟ್ರಾಕ್ಟರ್ ಮತ್ತೆ ಟೆಸ್ಟ್ ಆಡಲಿಲ್ಲ. ಭಾರತಕ್ಕೆ ಆಡಿದ್ದ ರಮಣ್ ಲಾಂಬಾ ಸಂಗತಿ ನನ್ನ ವಯಸ್ಸಿನವರಿಗೆ ನೆನಪಿರಬೇಕು. 1998ರ ಫೆಬ್ರವರಿ, ಢಾಕಾ. ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರದ ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ ಫೀಲ್ಡಿಂಗಿಗೆ ನಿಂತಿದ್ದರು, ಓವರಿನಲ್ಲಿ ಮೂರೇ ಚೆಂಡು ಉಳಿದಿದೆ ಅಂತ ಹೆಲ್ಮೆಟ್ ಹಾಕಿಕೊಳ್ಳಲಿಲ್ಲ. ಬ್ಯಾಟಿಂದ ಬಂದ ಚೆಂಡು ತಲೆಗೆ ಬಡಿಯಿತು. ಅವರೂ ಎದ್ದರು. ನಡೆದುಕೊಂಡೇ ಡ್ರೆಸಿಂಗ್ ರೂಮಿಗೆ ಹೋದರು. ಮೂರು ದಿನಕ್ಕೆ ಹೋಗಿಬಿಟ್ಟರು, 38 ವಯಸ್ಸಿಗೆ. ಅದನ್ನು ಅವತ್ತು ನಾನು ಪೇಪರಿನಲ್ಲೇ ಓದಿದ್ದೆ, ಬೇಜಾರೂ ಮಾಡಿಕೊಂಡಿದ್ದೆ. ಆದರೆ ಜಾತ್ರೆ ರಾತ್ರಿ ಅದು ನೆನಪಿಗೆ ಬರಲಿಲ್ಲ.

2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲ್ ಹ್ಯೂಸ್‌ಗೆ ಆಗಿದ್ದು ಇನ್ನೂ ಬೇರೆ. ಹೆಲ್ಮೆಟ್ ಇತ್ತು. ಚೆಂಡು ಬಿದ್ದದ್ದು ಹೆಲ್ಮೆಟ್‌ನ ಕೆಳಗೆ, ಕುತ್ತಿಗೆಗೆ. ಅಲ್ಲಿ ಬೆನ್ನುಮೂಳೆಯ ಪಕ್ಕದಲ್ಲೇ ಮೆದುಳಿಗೆ ಹೋಗುವ ಅಪಧಮನಿ ಹರಿದು ರಕ್ತ ಮೆದುಳಿನ ಸುತ್ತ ತುಂಬಿತು. ಎರಡೇ ದಿನ ಇದ್ದರು, 26 ತುಂಬಲು ಇನ್ನು ಮೂರು ದಿನ ಇತ್ತು. ಅದರ ನಂತರವೇ ಹೆಲ್ಮೆಟ್ಟಿಗೆ ಕುತ್ತಿಗೆ ಕಾಯುವ ಗಾರ್ಡ್ ಬಂದದ್ದು. 2019ರ ಆಗಸ್ಟಿನಿಂದ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಇನ್ನೊಬ್ಬನನ್ನು ಆಡಿಸುವ ನಿಯಮ ಬಂತು. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜ ಹೆಲ್ಮೆಟ್ಟಿಗೆ ಸ್ಟಾರ್ಕ್ ಚೆಂಡು ಬಡಿದರೂ ಬ್ಯಾಟಿಂಗ್ ಮುಗಿಸಿದರು, ಆಮೇಲೆ ತಲೆ ಸುತ್ತು ಅಂದರು, ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ತೆಗೆದು ಪಂದ್ಯಶ್ರೇಷ್ಠ ಆದರು. ಆಗ ನಮ್ಮ ಅಂಗಡಿ ಕಟ್ಟೆಯ ಮೇಲೆ ಕೂತು, ಇದೆಲ್ಲ ನಾಟಕ ಬಿಡ್ರಿ ಅಂತ ಜೋರಾಗಿ ಹೇಳಿದವನು ನಾನು. ತಲೆಯ ಪೆಟ್ಟಿನ ಲಕ್ಷಣ ತಡವಾಗಿ ಬರುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ, ಗೊತ್ತಿರದೆ ಇರುವುದು ಗೊತ್ತಿದ್ದವರ ಹಾಗೆ ಮಾತಾಡುವುದಕ್ಕೆ ಅಡ್ಡಿಯೂ ಆಗಲಿಲ್ಲ.

ಕಬಡ್ಡಿಗೆ ಇದು ಇನ್ನೂ ಸುಲಭ. ಏಳು ಜನ ಅಂಗಳದಲ್ಲಿ ಆಡುತ್ತಾರೆ, ಐದು ಜನ ಬದಲಿ ಆಟಗಾರರು ಹೊರಗೆ ಕೂತೇ ಇರುತ್ತಾರೆ. ಪೆಟ್ಟು ಬಿದ್ದವನನ್ನು ಹೊರಗೆ ಕೂರಿಸಿ ಇನ್ನೊಬ್ಬನನ್ನು ಇಳಿಸಿದರೆ ಯಾವ ಆಟವೂ ನಿಲ್ಲಲ್ಲ. ನಾವು ಮಾಡಲ್ಲ ಅಷ್ಟೇ. ಯಾಕಂದ್ರೆ ಪೆಟ್ಟು ತಿಂದು ಆಡಿದವನಿಗೆ ಸಿಳ್ಳೆ ಬೀಳುತ್ತೆ, ಕೂತವನಿಗೆ ಹೆದರುಪುಕ್ಕಲ ಅಂತ ಹೆಸರು ಬರುತ್ತೆ, ಮಾರನೇ ದಿನ ಪೇಪರಿನಲ್ಲಿ ಫೋಟೋ ಬರುವುದು ಮೊದಲನೆಯವನದೇ. ಅದನ್ನು ನೋಡಿದ ಹತ್ತು ಊರಿನ ಹುಡುಗರು ಮುಂದಿನ ಸಲ ತಲೆ ಸುತ್ತುತ್ತಿದ್ದರೂ ಸುತ್ತುತ್ತಿಲ್ಲ ಅಂತಾರೆ. ನನ್ನ ಮಗನೂ ಹಾಗೇ ಅಂದಿದ್ದ. ಒಂದು ಪೆಟ್ಟಿನಿಂದ ಮೆದುಳು ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಬಿದ್ದರೆ ಅದು ಸಣ್ಣ ಪೆಟ್ಟಾದರೂ ಮೆದುಳು ಊದಿಕೊಂಡು ಜೀವ ಹೋಗಬಹುದು ಅಂತ ಡಾಕ್ಟರ್ ಹೇಳಿದಾಗ, ಆ ಕೊನೆಯ ಎರಡು ಪಾಯಿಂಟ್ ನೆನಪಾಗಿ ನನಗೆ ಹೊಟ್ಟೆ ತೊಳಸಿತು.

ಇನ್ನು ಊರುಗಳಲ್ಲಿ ಪಂದ್ಯ ಮಾಡುವ ನನ್ನಂಥವರಿಗೆ. ತಲೆಗೆ ಬಡಿಯಿತು ಅಂತ ಕಂಡರೆ ಎಳೆದು ಎಬ್ಬಿಸಬೇಡಿ. ಕುತ್ತಿಗೆ ನೋವು ಅಂದ್ರೆ, ಕೈಕಾಲು ಜುಮ್ ಅಂದ್ರೆ ಅಲುಗಾಡಿಸಲೇ ಬೇಡಿ, ತಲೆ ಕುತ್ತಿಗೆ ಇದ್ದ ಹಾಗೇ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿ. ಮಂಪರಿನಲ್ಲಿರುವವನ ಬಾಯಿಗೆ ನೀರು, ಸೋಡಾ ಹಾಕಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಇದರಲ್ಲಿ ಹೋಗುವ ಹೊತ್ತು ಆಸ್ಪತ್ರೆಯ ದಾರಿಯ ಹೊತ್ತು. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಆಗಲೂ ತಲೆ ಮೈ ಒಟ್ಟಿಗೇ ಹೊರಳಬೇಕು, ಕುತ್ತಿಗೆ ತಿರುಚಬಾರದು. ಎದ್ದು ಚೆನ್ನಾಗಿಯೇ ಇದ್ದರೂ ಅವತ್ತಿಗೆ ಅವನ ಆಟ ಮುಗಿಯಿತು, ಮನೆಗೆ ಒಬ್ಬನೇ ಬೈಕ್ ಓಡಿಸಿಕೊಂಡು ಹೋಗುವಂತಿಲ್ಲ, ಒಂದೆರಡು ದಿನ ಜೊತೆಗೆ ಯಾರಾದರೂ ಇರಬೇಕು. ವಾಂತಿ ಮತ್ತೆ ಮತ್ತೆ ಆದರೆ, ತಲೆನೋವು ಏರುತ್ತಾ ಹೋದರೆ, ಕೇಳಿದ್ದನ್ನೇ ಕೇಳಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮೂಗಲ್ಲಿ ಕಿವಿಯಲ್ಲಿ ನೀರಿನಂಥದ್ದು ಸೋರಿದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ನೇರ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಇವು ಬಹಳ ಜನಕ್ಕೆ ಗೊತ್ತಿರಬಹುದು. ನನಗೆ ಗೊತ್ತಿರದೆ ಇದ್ದದ್ದು, ತಲೆಗೆ ಬಿದ್ದು ಮೂರು ದಿನ ಆದ ಮೇಲೆ ಬರುವ ಸೊಂಟ ನೋವು, ಕುತ್ತಿಗೆ ಬಿಗಿತ, ಎರಡೂ ಕಾಲಿನ ಸೆಳೆತ. ದಯವಿಟ್ಟು ಅದನ್ನು ಯಾರಿಂದಲೂ ಒತ್ತಿಸಬೇಡಿ. ಡಾಕ್ಟರ್ ಹತ್ತಿರ ಯಾವುದಕ್ಕೇ ಹೋದರೂ ಮೊದಲ ಮಾತು, ಇಂಥ ದಿನ ತಲೆಗೆ ಪೆಟ್ಟು ಬಿದ್ದಿತ್ತು ಅಂತ ಇರಲಿ, ಅವರು ಕೇಳಲಿ ಬಿಡಲಿ.

ದೂರದ ಮಾತನ್ನೂ ಆಡಲೇಬೇಕು. ತಲೆಯ ಆಪರೇಷನ್ ಮಾಡುವ ಡಾಕ್ಟರ್ ಅಂದ್ರೆ ನಮ್ಮ ಕಡೆ ಈಗಲೂ ಎರಡು ಗಂಟೆ ದಾರಿ, ಅಲ್ಲಿಂದಲೂ ಕಳಿಸಿದರೆ ಹೈದರಾಬಾದ್, ಹುಬ್ಬಳ್ಳಿ, ಬೆಂಗಳೂರು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮೇಲಾಯಿತು. ರಾಯಚೂರಿಗೆ ಏಮ್ಸ್ ಕೊಡಿ ಅಂತ 2022ರ ಮೇ ತಿಂಗಳಲ್ಲಿ ಜನ ಧರಣಿ ಕೂತರು. ಆ ಟೆಂಟಿನ ಮುಂದೆ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹಾದು ಹೋಗಿದ್ದೇನೆ, ಒಮ್ಮೆಯೂ ಇಳಿದಿರಲಿಲ್ಲ. ಇದರ ಬಗ್ಗೆ ಬರೆದರೆ ಇನ್ನೊಂದು ಪತ್ರ ಆಗುತ್ತೆ, ಇವತ್ತಿಗೆ ಬೇಡ.

ನಿಮ್ಮಿಂದ ನನಗೆ ಬೇಕಾಗಿರುವುದು ಸಣ್ಣದು. ಕಾರಹುಣ್ಣಿಮೆ ಬಂದರೆ ರಾಯಚೂರಿನಲ್ಲಿ ಕುಸ್ತಿ, ಕಲ್ಲು ಎತ್ತುವುದು ಇರುತ್ತೆ, ಆ ಕಡೆ ಈ ಕಡೆ ಊರೂರಲ್ಲಿ ಕಬಡ್ಡಿ, ಕ್ರಿಕೆಟ್ ನಡೆಯುತ್ತಲೇ ಇರುತ್ತೆ, ನಿಮ್ಮವರು ಫೋಟೋ ತೆಗೆಯಲು ಬಂದೇ ಬರುತ್ತಾರೆ. ಬರಲಿ, ಕಪ್ ಗೆದ್ದವರದು ಹಾಕಲಿ. ತಲೆಗೆ ಬಟ್ಟೆ ಕಟ್ಟಿಕೊಂಡು ಆಡಿದವನ ಫೋಟೋ ಸಿಕ್ಕಿದರೆ, ಛಲಗಾರ ಅಂತ ಬರೆಯುವ ಮೊದಲು ಅವನನ್ನು ಯಾರು ಮತ್ತೆ ಇಳಿಸಿದರು ಅಂತ ಕೇಳಲಿ. ಮಾರನೇ ದಿನ ಹುಡುಗ ಹೇಗಿದ್ದಾನೆ ಅಂತ ಒಂದು ಫೋನ್ ಮಾಡಲಿ. ಹೋದ ವಾರದ ಹುಡುಗನಿಗೂ ಒಂದು ಫೋನ್ ಮಾಡಿಸಿ ಸಾರ್, ಸೊಂಟ ನೋವು ಇದೆಯಾ ಅಂತ ಕೇಳಿಸಿ. ಅವನ ಊರು ಗೊತ್ತಿದ್ದಿದ್ದರೆ ನಾನೇ ಹೋಗುತ್ತಿದ್ದೆ.

ನಮ್ಮ ಊರಿನ ಈ ವರ್ಷದ ಜಾತ್ರೆಗೆ ಮೊನ್ನೆ ಕಮಿಟಿ ಸೇರಿತ್ತು. ತಲೆಗೆ ಬಿದ್ದವನು ಮತ್ತೆ ಇಳಿಯುವಂತಿಲ್ಲ, ಪಂದ್ಯ ಮುಗಿಯುವವರೆಗೆ ಒಂದು ಗಾಡಿ ಡ್ರೈವರ್ ಸಮೇತ ನಿಂತಿರಬೇಕು, ಅಂತ ನಾನು ಎರಡು ಸಾಲು ಬರೆದುಕೊಂಡು ಹೋಗಿದ್ದೆ. ಹಿಂಗ ಮಾಡಿದ್ರ ಕಬಡ್ಡಿ ಯಾಕ, ಕೇರಂ ಆಡಸ್ರಿ ಅಂತ ಒಬ್ಬರು ಅಂದರು, ಎಲ್ಲರೂ ನಕ್ಕರು. ಗಾಡಿಗೆ ಒಪ್ಪಿದ್ದಾರೆ. ಇನ್ನೊಂದು ಮುಂದಿನ ಸಭೆಗೆ ಹೋಗಿದೆ. ಮಗ ಈ ಸಲ ಆಡುತ್ತಿಲ್ಲ, ಸ್ಕೋರ್ ಬರೆಯುತ್ತೇನೆ ಅಂದಿದ್ದಾನೆ. ಮನೆಯಲ್ಲಿ ಅವನ ತಾಯಿಗೆ ಅದೂ ಇಷ್ಟ ಇಲ್ಲ.

ಇಂತಿ,
ನಿಮ್ಮ ಓದುಗ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ